ಮೊದಲ ಬೈಕು: ಮೈಸೂರಿನ ಜಾವಾದಿಂದ ನಮ್ಮ ಮಕ್ಕಳವರೆಗೆ

ನಮ್ಮ ಸಂಘದ ಎಷ್ಟೋ ಮನೆಗಳಲ್ಲಿ ಮಕ್ಕಳು ಕಾಲೇಜಿನ ವಯಸ್ಸಿಗೆ ಬಂದಿದ್ದಾರೆ. ಕೆಲವರು ಕಾರಿನ ಬದಲು ಮೋಟಾರ್ ಸೈಕಲ್ಲೇ ಬೇಕೆಂದು ಹಟ ಹಿಡಿದಿದ್ದಾರೆ. ತಾಯಂದಿರಿಗೆ ಎದೆ ಡವಡವ. ತಂದೆಯರಿಗೆ ಒಳಗೊಳಗೇ ಹಳೆಯ ಆಸೆ. ಮೊದಲ ಬೈಕು ಯಾವುದಿರಬೇಕೆಂದು ಹೇಳುವ ಮುನ್ನ, ಊರಿನಲ್ಲಿ ಈ ಆಯ್ಕೆ ಹೇಗೆ ನಡೆಯುತ್ತಿತ್ತೆಂದು ನೋಡೋಣ.

ನಿಜ ಹೇಳಬೇಕೆಂದರೆ, ಆಗ ಆಯ್ಕೆಯೇ ಇರಲಿಲ್ಲ. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಶುರುವಾಯಿತು. 1960ರ ದಶಕದಲ್ಲಿ ಉತ್ತರದಿಂದ ರಾಜದೂತ್ ಬಂತು. ನಮ್ಮವರಿಗೆ ಹತ್ತಿರದ್ದು ಮೈಸೂರಿನ ಜಾವಾ. ಜೆಕೊಸ್ಲೊವಾಕಿಯಾದಲ್ಲಿ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಆರಂಭಿಸಿದ ಕಂಪನಿ ಅದು. ಅವರ ಹೆಸರಿನ ಮೊದಲೆರಡು ಅಕ್ಷರ, ಜರ್ಮನಿಯ ವಾಂಡರರ್ ಕಂಪನಿಯ ಮೊದಲೆರಡು ಅಕ್ಷರ ಕೂಡಿ 'ಜಾವಾ' ಆಯಿತು. ಇರಾನಿ ಕುಟುಂಬದವರು 1960ರಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಯಾದವಗಿರಿಯ ಕಾರ್ಖಾನೆ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿತು. 1970ರ ದಶಕದಲ್ಲಿ ಅದೇ ಗಾಡಿ 'ಯೆಜ್ಡಿ' ಎಂಬ ಹೆಸರು ಪಡೆಯಿತು.

250 ಸಿಸಿ, ಎರಡು ಸ್ಟ್ರೋಕಿನ ಎಂಜಿನ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಕಿಕ್ ಹೊಡೆಯುವ ಲಿವರೇ ಗೇರಿನ ಲಿವರ್! ಒಳಕ್ಕೆ ತಳ್ಳಿ ಮೇಲೆತ್ತಿ ಕಿಕ್ ಹೊಡೆಯಬೇಕು. ಎಂಜಿನ್ ಶುರುವಾದ ಮೇಲೆ ಮತ್ತೆ ಕೆಳಗಿಳಿಸಿ ಗೇರು ಹಾಕಬೇಕು. ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಹೊಸಬನಿಗೆ ಕಷ್ಟವೇ. ಆದರೆ ಪ್ರತಿ ಬೀದಿಯಲ್ಲೂ ಗೊತ್ತಿದ್ದ ಮೆಕ್ಯಾನಿಕ್ ಇರುತ್ತಿದ್ದ. ಅಣ್ಣನೋ ಸೋದರಮಾವನೋ ಹಿಂದೆ ಕುಳಿತು ಕಲಿಸುತ್ತಿದ್ದರು.

1980ರ ದಶಕದಲ್ಲಿ ಸರಕಾರ ವಿದೇಶಿ ಸಹಯೋಗಕ್ಕೆ ಬಾಗಿಲು ತೆರೆಯಿತು. ಹೊಸೂರಿನಿಂದ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ ಮತ್ತು ಯಮಹಾ ಆರ್‌ಎಕ್ಸ್ 100 ಬಂದವು. ಇವೆಲ್ಲ 100 ಸಿಸಿಯ ಹಗುರ ಗಾಡಿಗಳು, ಪೆಟ್ರೋಲಿನ ಖರ್ಚೂ ಕಡಿಮೆ. ನಮ್ಮ ಪೀಳಿಗೆಯ ಬಹಳಷ್ಟು ಮಂದಿ ಕಲಿತದ್ದು ಇವುಗಳ ಮೇಲೆ. ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮರಳಿ ಬಂದಿದೆ, ಆದರೆ ಮೈಸೂರಿಗಲ್ಲ.

ಹಳೆಯದೆಲ್ಲ ಸುರಕ್ಷಿತವಾಗಿತ್ತೆಂದು ನಾವು ಹೇಳುತ್ತಿಲ್ಲ. ಹೆಲ್ಮೆಟ್ ಹಾಕಿಕೊಳ್ಳುವವರು ವಿರಳ. ಆಸ್ಪತ್ರೆಗಳ ತುರ್ತು ವಿಭಾಗದಲ್ಲಿ ಕೆಲಸ ಮಾಡಿದವರಿಗೆ ಅದರ ಫಲ ಗೊತ್ತು. ಹೆಲ್ಮೆಟ್ಟಿನ ಮಹತ್ವವನ್ನು ಲೋಕಕ್ಕೆ ತಿಳಿಸಿದವರಲ್ಲಿ ಮುಖ್ಯರು ಒಬ್ಬ ವೈದ್ಯರೇ. 'ಲಾರೆನ್ಸ್ ಆಫ್ ಅರೇಬಿಯಾ' ಎಂದು ಖ್ಯಾತರಾದ ಟಿ. ಇ. ಲಾರೆನ್ಸ್ 1935ರಲ್ಲಿ ಇಂಗ್ಲೆಂಡಿನಲ್ಲಿ ಮೋಟಾರ್ ಸೈಕಲ್ಲಿನಿಂದ ಬಿದ್ದು, ತಲೆಗೆ ಪೆಟ್ಟಾಗಿ ಆರು ದಿನಗಳಲ್ಲಿ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ನರಶಸ್ತ್ರಜ್ಞ ಹ್ಯೂ ಕೇರ್ನ್ಸ್ ಒಬ್ಬರು. ಕೇರ್ನ್ಸ್ ಸೇನೆಯ ಸವಾರರ ತಲೆಗಾಯಗಳನ್ನು ಅಧ್ಯಯನ ಮಾಡಿ 1941ರಲ್ಲಿ ಲೇಖನ ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಸೇನೆ ಕರ್ತವ್ಯದಲ್ಲಿರುವ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಹೆಲ್ಮೆಟ್ಟಿನಿಂದ ಸಾವಿನ ಅಪಾಯ ಸುಮಾರು ಶೇ. 42, ತಲೆಗಾಯದ ಅಪಾಯ ಸುಮಾರು ಶೇ. 69 ಇಳಿಯುತ್ತದೆಂದು ಮುಂದಿನ ಸಂಶೋಧನೆಗಳು ತೋರಿಸಿವೆ.

ನಾವೀಗ ಇರುವ ಅಮೆರಿಕದಲ್ಲಿ 1981ರಲ್ಲಿ ಹರ್ಟ್ ವರದಿ ಹೊರಬಂತು. ಲಾಸ್ ಏಂಜಲಿಸ್ ಸುತ್ತಮುತ್ತಲಿನ 900 ಅಪಘಾತಗಳನ್ನು ಸ್ಥಳಕ್ಕೇ ಹೋಗಿ ತನಿಖೆ ಮಾಡಿದ ವರದಿ ಅದು. ಅಪಘಾತಕ್ಕೊಳಗಾದವರಲ್ಲಿ ಶೇ. 92 ಮಂದಿ ಕ್ರಮಬದ್ಧ ತರಬೇತಿ ಪಡೆದವರಲ್ಲ. ತಾವೇ ಕಲಿತವರು, ಇಲ್ಲವೇ ಮನೆಯವರಿಂದ, ಗೆಳೆಯರಿಂದ ಕಲಿತವರು. ನಮ್ಮ ಸೋದರಮಾವನ ಪಾಠಶಾಲೆಗೆ ಇದಕ್ಕಿಂತ ಕಟುವಾದ ಪರೀಕ್ಷಾಫಲ ಬೇಕೆ?

ಊರಿನಲ್ಲಿ ಲೈಸೆನ್ಸ್ ರಾಜ್ಯವೂ ಖಾಲಿ ಜೇಬೂ ಸೇರಿ ನಮ್ಮನ್ನು ಸಣ್ಣ ಗಾಡಿಗೆ ಕಟ್ಟಿಹಾಕಿದ್ದವು. ಇಲ್ಲಿ ಆ ಕಟ್ಟಿಲ್ಲ. ಹದಿನೆಂಟು ತುಂಬಿ ಪರವಾನಗಿ ಪಡೆದ ಹುಡುಗ ಮೊದಲ ದಿನವೇ 1000 ಸಿಸಿ ಗಾಡಿ ಏರಬಹುದು. ಹೆಚ್ಚಿನ ರಾಜ್ಯಗಳಲ್ಲಿ ಕಾನೂನು ಅಡ್ಡಬರುವುದಿಲ್ಲ. ಅಂದು ಅಭಾವ ಮಾಡಿದ ಕೆಲಸವನ್ನು ಇಂದು ಮನೆಯವರ ವಿವೇಕ ಮಾಡಬೇಕು.

ಆದ್ದರಿಂದ ನಮ್ಮ ಸಲಹೆ ಇಷ್ಟು. ಮೊದಲು ತರಬೇತಿ, ಆಮೇಲೆ ಗಾಡಿ. ಕುಳಿತಾಗ ಎರಡೂ ಪಾದ ನೆಲಕ್ಕೆ ಸರಿಯಾಗಿ ಊರಬೇಕು. ನಿಂತ ಗಾಡಿಯನ್ನು ಒಬ್ಬರೇ ತಳ್ಳಲು ಆಗಬೇಕು. 250ರಿಂದ 400 ಸಿಸಿ ಸಾಕು. ಎಬಿಎಸ್ ಬ್ರೇಕ್ ಇರಲಿ. ಸೆಕೆಂಡ್ ಹ್ಯಾಂಡ್ ಆದರೂ ಚಿಂತೆಯಿಲ್ಲ, ಕಲಿಯುವಾಗ ಒಂದೆರಡು ಸಲ ಬೀಳುವುದು ಇದ್ದದ್ದೇ. ಆದರೆ ಹೆಲ್ಮೆಟ್ ಮಾತ್ರ ಹೊಸದೇ ಆಗಬೇಕು. ನಿಮ್ಮ ರಾಜ್ಯದ ಕಾನೂನು ಬೇಡವೆಂದರೂ ಮನೆಯ ಕಾನೂನು ಬೇಕೆನ್ನಲಿ.

ಬೇಡ ಎಂದು ಬಾಗಿಲು ಹಾಕಿದರೆ ಮಕ್ಕಳು ಗೆಳೆಯರ ಗಾಡಿ ಏರುತ್ತಾರೆ. ಜೊತೆಯಲ್ಲೇ ಹೋಗಿ ನೋಡಿ, ಆರಿಸಿ. ಹೋಗುವ ದಾರಿಯಲ್ಲಿ ಯಾದವಗಿರಿಯ ಕಥೆಯನ್ನೂ ಹೇಳಿ.