ಬೂಟಿನಲ್ಲಿ ಬಚ್ಚಿಟ್ಟ ಡೈರಿ: ಅರ್ಮೇನಿಯನ್ನರ 1915ನ್ನು ಕಂಡವರು ಬರೆದದ್ದು

ಜಿಲ್ಲಾ ವರದಿಗಾರಿಕೆಗೆ ಇಳಿದ ಮೊದಲ ವಾರದಲ್ಲೇ ನಾವು ಕಲಿಯುವ ಪ್ರಶ್ನೆ ಒಂದಿದೆ: 'ನೀವೇ ಕಂಡಿರೋ, ಯಾರಾದರೂ ಹೇಳಿದ್ದೋ?' ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದೇ ಓದಬೇಕಾದ ಕೆಲವು ಪುಸ್ತಕಗಳಿವೆ. ಅವು ಒಟ್ಟೊಮನ್ ಸಾಮ್ರಾಜ್ಯದ ಅರ್ಮೇನಿಯನ್ನರಿಗೆ 1915ರಿಂದ ಏನಾಯಿತು ಎಂಬುದರ ಬಗ್ಗೆ ಇರುವಂಥವು. ನೂರು ವರ್ಷ ದಾಟಿದರೂ ಅವುಗಳ ಸುತ್ತಲಿನ ಜಗಳ ಮುಗಿದಿಲ್ಲ.

ಹಿನ್ನೆಲೆ ಚುಟುಕಾಗಿ. ಇಂದಿನ ಟರ್ಕಿಯ ಪೂರ್ವ ಭಾಗದಲ್ಲಿ ತಲೆತಲಾಂತರದಿಂದ ಬಾಳಿದ್ದ ಕ್ರೈಸ್ತ ಜನ ಅರ್ಮೇನಿಯನ್ನರು. 1915ರ ಏಪ್ರಿಲ್ 24ರ ರಾತ್ರಿ ಇಸ್ತಾಂಬುಲ್‌ನಲ್ಲಿ ಅವರ ಲೇಖಕರು, ಪತ್ರಕರ್ತರು, ಪಾದ್ರಿಗಳು, ವಕೀಲರನ್ನು ಮನೆಮನೆಯಿಂದ ಹಿಡಿದೊಯ್ದರು. ಮೇ ಕೊನೆಗೆ ಗಡೀಪಾರು ಕಾನೂನು ಬಂತು. ಊರೂರಲ್ಲಿ ಗಂಡಸರನ್ನು ಬೇರ್ಪಡಿಸಿ ಕೊಂದರು. ಹೆಂಗಸರು, ಮಕ್ಕಳು, ಮುದುಕರನ್ನು ಸಿರಿಯಾದ ಮರುಭೂಮಿಯ ಕಡೆಗೆ ನಡೆಸಿದರು. ಸತ್ತವರ ಲೆಕ್ಕ 6 ಲಕ್ಷದಿಂದ 15 ಲಕ್ಷದವರೆಗೆ ಹೋಗುತ್ತದೆ. ಟರ್ಕಿ ಸರ್ಕಾರ ಸಾವುಗಳನ್ನು ಒಪ್ಪುತ್ತದೆ, 'ನರಮೇಧ' ಎಂಬ ಪದವನ್ನು ಒಪ್ಪುವುದಿಲ್ಲ. ಯುದ್ಧ, ಹಸಿವು, ರೋಗದ ಅನಾಹುತ ಎನ್ನುತ್ತದೆ. ಹೀಗಾಗಿ ಯಾರು ಏನು ಕಂಡರು ಎನ್ನುವುದೇ ಇಲ್ಲಿ ಮುಖ್ಯ.

ನಮ್ಮ ಮಟ್ಟಿಗೆ ಅತ್ಯಂತ ಗಟ್ಟಿ ಸಾಕ್ಷಿ ಲೆಸ್ಲಿ ಡೇವಿಸ್. ಈತ ಹಾರ್ಪುಟ್‌ನಲ್ಲಿದ್ದ ಅಮೆರಿಕದ ಕಾನ್ಸಲ್. ಅಮೆರಿಕ ಆಗಿನ್ನೂ ಯುದ್ಧಕ್ಕೆ ಇಳಿದಿರಲಿಲ್ಲ, ಆದ್ದರಿಂದ ಆತ ಊರು ಬಿಡಬೇಕಾಗಿರಲಿಲ್ಲ. ಗೋಲ್ಜುಕ್ ಸರೋವರದ ಕಡೆ ಹೆಣಗಳು ಬಿದ್ದಿವೆ ಎಂಬ ಸುದ್ದಿ ಕಿವಿಗೆ ಬಿದ್ದಾಗ ಅದನ್ನೇ ಬರೆದು ಕಳಿಸಿ ಸುಮ್ಮನಾಗಬಹುದಿತ್ತು. ಆದರೆ ಕುದುರೆ ಹತ್ತಿ ಹೊರಟ. ಮೊದಲ ಸಲ ಸ್ಥಳೀಯ ತುರ್ಕನೊಬ್ಬನನ್ನು ಜೊತೆಗೆ ಕರೆದುಕೊಂಡು, ಇನ್ನೊಂದು ಸಲ ಮಿಷನ್ ಆಸ್ಪತ್ರೆಯ ವೈದ್ಯರೊಬ್ಬರ ಜೊತೆ. ದಂಡೆಯ ಕಣಿವೆ ಕಣಿವೆಗಳಲ್ಲಿ ಇಳಿದು ನೋಡಿದ. ಸರೋವರದ ಸುತ್ತ ಕೊಲೆಯಾದವರು ಸುಮಾರು 10,000 ಇರಬಹುದು ಎಂದು ಅಂದಾಜು ಬರೆದ. ಇದರ ನಡುವೆಯೇ ಹತ್ತಾರು ಅರ್ಮೇನಿಯನ್ನರನ್ನು ತನ್ನ ಕಚೇರಿಯಲ್ಲೇ ಅಡಗಿಸಿಟ್ಟುಕೊಂಡಿದ್ದ. 1918ರಲ್ಲಿ ಸಲ್ಲಿಸಿದ ಆತನ ವರದಿ ಸರ್ಕಾರಿ ಕಡತದಲ್ಲಿ ಧೂಳು ಹಿಡಿದು, ಪುಸ್ತಕವಾಗಿ ಹೊರಬಂದದ್ದು 1989ರಲ್ಲಿ. ಓದಿದರೆ ಮಹಜರು ಓದಿದ ಹಾಗಿದೆ: ಎಲ್ಲಿ ಇಳಿದೆ, ಏನು ಕಂಡೆ, ಎಷ್ಟು ದೂರ. ಅಬ್ಬರವಿಲ್ಲ.

ಬ್ರಿಟಿಷರ 'ಬ್ಲೂ ಬುಕ್' ಬೇರೆ ಥರದ್ದು. 1916ರಲ್ಲಿ ವೈಕೌಂಟ್ ಬ್ರೈಸ್ ಹೆಸರಿನಲ್ಲಿ ಬಂತು. ಕೂತು ಜೋಡಿಸಿದವನು ಯುವಕ ಆರ್ನಾಲ್ಡ್ ಟಾಯ್ನ್‌ಬೀ, ಮುಂದೆ ದೊಡ್ಡ ಇತಿಹಾಸಕಾರನಾದವನು. ಮಿಷನರಿಗಳು, ನರ್ಸ್‌ಗಳು, ಬದುಕುಳಿದವರ ಹೇಳಿಕೆಗಳ ಸಂಗ್ರಹ. ಇದು ಬ್ರಿಟನ್ನಿನ ಯುದ್ಧಕಾಲದ ಪ್ರಚಾರದ ಭಾಗ, ಆದ್ದರಿಂದ ಕಸಕ್ಕೆ ಹಾಕಿ ಎನ್ನುವವರಿದ್ದಾರೆ. ಪ್ರಚಾರಕ್ಕೆ ಬಳಸಿದ್ದು ನಿಜ. ಹೇಳಿಕೆ ಕೊಟ್ಟವರ ಹೆಸರು, ಎಷ್ಟೋ ಊರುಗಳ ಹೆಸರು ಅಳಿಸಿದ್ದೂ ನಿಜ. ಆದರೆ ಅವರಲ್ಲಿ ಹಲವರು ಆಗಿನ್ನೂ ಅಲ್ಲೇ ಇದ್ದರು, ಹೆಸರು ಹಾಕಿದ್ದರೆ ಗತಿ ಏನು? ಮರಳು ಸಾಗಣೆ ಬಗ್ಗೆ ಮಾತಾಡಿದ ಹಳ್ಳಿಯವನ ಹೆಸರು ಹಾಕುವ ಮುಂಚೆ ನಾವು ಎಷ್ಟು ಸಲ ಯೋಚಿಸುತ್ತೇವೆ ಎಂದು ನೆನೆದುಕೊಂಡರೆ ಸಾಕು. 2000ದಲ್ಲಿ ಆರಾ ಸರಾಫಿಯನ್ ಆ ಹೆಸರುಗಳನ್ನೆಲ್ಲ ಮತ್ತೆ ತುಂಬಿ ಹೊಸ ಆವೃತ್ತಿ ತಂದರು. ಹೇಳಿದವರು ಯಾರು, ಆಗ ಎಲ್ಲಿದ್ದರು ಎಂದು ಈಗ ಒಬ್ಬೊಬ್ಬರನ್ನೇ ಹುಡುಕಿ ತಾಳೆ ನೋಡಬಹುದು.

ಎಲ್ಲ ಪುಸ್ತಕವನ್ನೂ ಕಣ್ಣುಮುಚ್ಚಿ ನಂಬಿ ಎಂದು ನಾವು ಹೇಳುತ್ತಿಲ್ಲ. ಅರಾಮ್ ಆಂಡೋನಿಯನ್ 1920ರಲ್ಲಿ ಪ್ರಕಟಿಸಿದ, ನಯೀಮ್ ಬೇ ಎಂಬ ಅಧಿಕಾರಿಯಿಂದ ಸಿಕ್ಕ ಟೆಲಿಗ್ರಾಂಗಳು ನಕಲಿ ಎಂದು 1983ರಲ್ಲಿ ಇಬ್ಬರು ಟರ್ಕಿ ಲೇಖಕರು ಪುಸ್ತಕವನ್ನೇ ಬರೆದರು. ವರ್ಷಗಟ್ಟಲೆ ಅನೇಕ ವಿದ್ವಾಂಸರು ಅವನ್ನು ಮುಟ್ಟಲೇ ಇಲ್ಲ. ಕೊನೆಗೆ ಟರ್ಕಿಯವರೇ ಆದ ಇತಿಹಾಸಕಾರ ತನೆರ್ ಅಕ್ಚಾಮ್ ಹಳೆ ಕಾಗದ, ಸಂಕೇತ ಲಿಪಿ ಎಲ್ಲ ತಾಳೆ ಹಾಕಿ ಅವು ಅಸಲಿ ಎಂದು ವಾದಿಸಿದರು. ಇನ್ನೊಂದು ಕಡೆ, ಬದುಕುಳಿದ ಹುಡುಗಿ ಅರೋರಾ ಮಾರ್ಡಿಗನಿಯನ್ ಕಥೆಯನ್ನು ಅಮೆರಿಕದಲ್ಲಿ ಬೇರೆಯವರ ಕೈಯಲ್ಲಿ ಬರೆಸಿ, 1919ರಲ್ಲಿ ಸಿನಿಮಾ ಮಾಡಿ, ಅವಳಿಂದಲೇ ಅವಳ ಪಾತ್ರ ಮಾಡಿಸಿದರು. ಸಂಕಟ ನಿಜ, ಮಾರಾಟ ಅಸಹ್ಯ.

ಪಾದ್ರಿ ಗ್ರಿಗೋರಿಸ್ ಬಾಲಕಿಯನ್ ಏಪ್ರಿಲ್ 24ರ ರಾತ್ರಿ ಬಂಧನವಾದವರಲ್ಲೊಬ್ಬರು. ಗಡೀಪಾರಿನ ದಾರಿಯಲ್ಲಿ ಶುಕ್ರಿ ಎಂಬ ಪೊಲೀಸ್ ಕ್ಯಾಪ್ಟನ್ ತಾನು ಏನೇನು ಮಾಡಿಸಿದೆ ಎಂದು ಇವರ ಮುಂದೆ ಬಿಚ್ಚಿ ಹೇಳಿದ. ಈ ಪಾದ್ರಿ ಹೇಗೂ ಉಳಿಯುವುದಿಲ್ಲ, ಹೇಳಿದರೇನು ಎಂಬ ಧೈರ್ಯ. ಪಾದ್ರಿ ತಪ್ಪಿಸಿಕೊಂಡರು, ಬರೆದರು. ಮಾತುಕತೆಯನ್ನು ನೆನಪಿನಿಂದ ಬರೆದದ್ದು ಎಂಬ ಎಚ್ಚರ ಓದುವಾಗ ಇರಲಿ. ಮೊದಲ ಸಂಪುಟ 1922ರಲ್ಲಿ ವಿಯೆನ್ನಾದಲ್ಲಿ ಬಂತು, ಎರಡನೆಯದು ಅವರು ತೀರಿಕೊಂಡು ಎಷ್ಟೋ ವರ್ಷದ ಮೇಲೆ 1959ರಲ್ಲಿ ಪ್ಯಾರಿಸ್‌ನಲ್ಲಿ.

ಜಬೆಲ್ ಯೆಸಾಯನ್ ಬಗ್ಗೆ ಹೇಳದಿದ್ದರೆ ಆಗದು. ಆ ರಾತ್ರಿಯ ಬಂಧನ ಪಟ್ಟಿಯಲ್ಲಿದ್ದ ಒಬ್ಬಳೇ ಹೆಂಗಸು. 1909ರ ಅದಾನಾ ಹತ್ಯಾಕಾಂಡದ ನಂತರ ಅಲ್ಲಿಗೆ ಹೋಗಿ ಅನಾಥ ಮಕ್ಕಳನ್ನು ಕಂಡು ಪುಸ್ತಕ ಬರೆದಿದ್ದಳು. 1915ರಲ್ಲಿ ಬಲ್ಗೇರಿಯಾಕ್ಕೆ ಪಾರಾಗಿ, ಮುಂದೆ ಕಾಕಸಸ್‌ನಲ್ಲಿ ನಿರಾಶ್ರಿತರ ಹೇಳಿಕೆಗಳನ್ನು ಬರೆದುಕೊಳ್ಳುತ್ತಾ ಕುಳಿತಳು. ನಮ್ಮ ಕಸುಬಿನವಳು ಎಂದೇ ನಾವು ಲೆಕ್ಕ ಹಿಡಿಯುತ್ತೇವೆ. 1937ರಲ್ಲಿ ಸೋವಿಯತ್ ಆಡಳಿತ ಅವಳನ್ನು ಬಂಧಿಸಿತು, ಹೊರಗೆ ಬರಲಿಲ್ಲ.

ಅಂದಹಾಗೆ, ಅರ್ಮೇನಿಯನ್ ಭಾಷೆಯ ಮೊಟ್ಟಮೊದಲ ಪತ್ರಿಕೆ 'ಅಜ್ದರಾರ್' ಹೊರಟದ್ದು ಅವರ ನಾಡಿನಲ್ಲಲ್ಲ, 1794ರಲ್ಲಿ ನಮ್ಮ ಪಕ್ಕದ ಮದರಾಸಿನಲ್ಲಿ. ಅಲ್ಲಿನ ಅರ್ಮೇನಿಯನ್ ಬೀದಿ, ಚರ್ಚು ಈಗಲೂ ಇವೆ.

ಭಾರತದ ಸಾಕ್ಷಿಯೂ ಒಬ್ಬರಿದ್ದಾರೆ. ಬಂಗಾಳದ ಆಂಬುಲೆನ್ಸ್ ದಳದ ಶಿಶಿರ್ ಪ್ರಸಾದ್ ಸರ್ಬಾಧಿಕಾರಿ 1916ರಲ್ಲಿ ಕೂಟ್ ಪತನವಾದಾಗ ತುರ್ಕರಿಗೆ ಸೆರೆಸಿಕ್ಕರು. ರಾಸ್ ಅಲ್-ಐನ್, ಆಮೇಲೆ ಅಲೆಪ್ಪೊ. ಎರಡೂ ಅರ್ಮೇನಿಯನ್ನರನ್ನು ಸಾಗಿಸಿದ ದಾರಿಯ ಊರುಗಳೇ. ಡೈರಿಯನ್ನು ಹರಿದು ಚೂರುಗಳನ್ನು ಬೂಟಿನಲ್ಲಿ ಬಚ್ಚಿಟ್ಟು ಸಾಗಿಸಿದರು, ಕೆಲವು ದಿನ ಮಣ್ಣಿನಲ್ಲಿ ಹೂತಿಟ್ಟರು. ಗೆದ್ದವರಲ್ಲ, ಮಿಷನರಿಯಲ್ಲ, ಸ್ವತಃ ಕೈದಿ; ಅರ್ಮೇನಿಯನ್ನರ ಪಾಡನ್ನು ಆ ಕಣ್ಣಿನಿಂದ ಬರೆದ 'ಅಭಿ ಲೇ ಬಗ್ದಾದ್' 1957ರಲ್ಲಿ ಬಂಗಾಳಿಯಲ್ಲಿ ಅಚ್ಚಾಯಿತು.

ಅದೇ ಅಲೆಪ್ಪೊದ ಹೊರಗೆ, ಹರಿತಾನ್ ಹತ್ತಿರ, 1918ರ ಅಕ್ಟೋಬರ್ 26ರಂದು ಮೈಸೂರು ಲ್ಯಾನ್ಸರ್ಸ್ ಸವಾರರು ಕಾದಿದರು. ಊರೊಳಗೆ ಆಗ ಅರ್ಮೇನಿಯನ್ ನಿರಾಶ್ರಿತರು ತುಂಬಿದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಆ ದಳದ ಸ್ಮಾರಕ ಕಂಬವಿದೆ. ಆ ಸವಾರರ ಮನೆಗಳ ಟ್ರಂಕಿನಲ್ಲಿ ಹಳೆ ಕಾಗದ, ಪತ್ರ, ಫೋಟೊ ಏನಾದರೂ ಉಳಿದಿದ್ದರೆ ತಿಳಿಸಿ, ಯಾವ ತಾಲ್ಲೂಕಾದರೂ ಸರಿ ನಾವೇ ಬಂದು ನೋಡುತ್ತೇವೆ.