ಕಾವಿಗೊಪ್ಪುವ ಮರ

ಭಾರತದಲ್ಲಿ ಮರ ಒಣಗಿಸುವ ವಿಜ್ಞಾನ ಬೆಳೆದದ್ದು ರೈಲಿನ ಸ್ಲೀಪರಿಗಾಗಿ, ಆಮೇಲೆ ಬಾಗಿಲು-ಕುರ್ಚಿಗಳ ಹಲಗೆಗಾಗಿ. ಗುದ್ದಲಿಯ ಕಾವು, ಬಡಗಿಯ ಕೊಡತಿ ಅದರ ಲೆಕ್ಕಕ್ಕೆ ಬಂದದ್ದು ತಡವಾಗಿ, ಅದೂ ಅರೆಮನಸ್ಸಿನಿಂದ. ಗಟ್ಟಿಮರದ ಉಪಕರಣಗಳ ಅರಿವು ಬಹುಕಾಲ ಊರ ಬಡಗಿಯ ಅಂಗಳದಲ್ಲೇ ಉಳಿಯಿತು.

ಬಯಲುಸೀಮೆಯಲ್ಲಿ ನೇಗಿಲು, ಕುಂಟೆ, ಗಾಡಿಯ ಗುಂಬಗಳಿಗೆ ಮೊದಲು ನೆನಪಾಗುತ್ತಿದ್ದದ್ದು ಹೊಲದ ಬದುವಿನ ಕರಿಜಾಲಿ. ಕಡಿದ ದಿಮ್ಮಿಯನ್ನು ತಿಂಗಳುಗಟ್ಟಲೆ ಕೆರೆಯಲ್ಲಿ ಮುಳುಗಿಸಿಡುವುದು ರೂಢಿ. ಹೊರಮೈಯ ಬಿಳಿ ಭಾಗದ ಪಿಷ್ಟ, ಸಕ್ಕರೆ ಕರಗಿಹೋದರೆ ಕುಟ್ಟೆಹುಳಕ್ಕೆ ಮೇವಿಲ್ಲ. ಮಲೆನಾಡಿನ ಅಂಚಿಗೆ ಬಂದರೆ ದಿಂಡಿಗ, ತಡಸಲು. ತಡಸಲು ಬಾಗುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ. ಏಟಿನ ಅದುರನ್ನು ತಾನೇ ನುಂಗಿಕೊಳ್ಳುತ್ತದೆ. ಕಮರವಂತೂ ನೀರಿನಲ್ಲಿ ಮುಳುಗುವಷ್ಟು ಭಾರ. ಕೊಡತಿಗೆ ಸರಿ, ಅದರ ಕಾವು ಹಾಕಿದರೆ ಮಧ್ಯಾಹ್ನದೊಳಗೆ ತೋಳು ಸೋಲುತ್ತದೆ.

ಕಾವಿನ ತುಂಡನ್ನು ಗರಗಸದಲ್ಲಿ ಕೊಯ್ಯುವುದಕ್ಕಿಂತ ಬೆಣೆ ಹೊಡೆದು ಸೀಳುವುದು ಲೇಸು. ಸೀಳು ಎಳೆಯ ಜಾಡಿನಲ್ಲೇ ಹೋಗುತ್ತದೆ. ಗರಗಸ ಎಳೆಯನ್ನು ಅಡ್ಡ ಕಡಿದಲ್ಲೇ ಕಾವು ಮುಂದೊಂದು ದಿನ ಮುರಿಯುತ್ತದೆ. ಹಸಿಯಿರುವಾಗಲೇ ಬಾಚಿಯಿಂದ ಕೆತ್ತಿ, ಬೇಕಾದ್ದಕ್ಕಿಂತ ಅರ್ಧ ಬೆರಳು ದಪ್ಪ ಬಿಟ್ಟು, ಎರಡೂ ತುದಿಗೆ ಸೆಗಣಿ ಮೆತ್ತಿ ನೆರಳಲ್ಲೋ ಒಲೆಯ ಮೇಲಿನ ಅಟ್ಟದಲ್ಲೋ ಇಡಬೇಕು. ಪೂರ್ತಿ ಒಣಗಿದ ಜಾಲಿಗೆ ಬಾಚಿ ಹಾಕಿದರೆ ಬಾಚಿಯ ಬಾಯೇ ಹೋದೀತು. ಕೊನೆಗೆ ಗಾಜಿನ ಚೂರಿನಿಂದ ಹೆರೆದು ನಯ ಮಾಡುವುದು. ಅವಸರಕ್ಕೆ ಹಸಿ ಕಾವು ತೊಡಿಸಿದವರು ಬೇಸಿಗೆಯಲ್ಲಿ ಗುದ್ದಲಿಯನ್ನು ನೀರಿನ ತೊಟ್ಟಿಯಲ್ಲಿ ನೆನೆಹಾಕುವುದುಂಟು. ಮರ ಉಬ್ಬಿ ಬಿಗಿಯಾಗುತ್ತದೆ ನಿಜ. ಆದರೆ ಕಬ್ಬಿಣದ ಒತ್ತಿಗೆ ಎಳೆಗಳು ನಜ್ಜಾಗಿ, ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಸಡಿಲವಾಗುತ್ತದೆ.

ಇತ್ತ ಸರ್ಕಾರಿ ಅರಣ್ಯ ಇಲಾಖೆ ಹುಟ್ಟಿದ್ದು 1864ರಲ್ಲಿ. ಗ್ಯಾಂಬಲ್ 1881ರಲ್ಲಿ ಭಾರತದ ಮರಗಳ ಕೈಪಿಡಿ ತಂದ. 1906ರಲ್ಲಿ ಡೆಹ್ರಾಡೂನಿನ ಸಂಶೋಧನಾ ಸಂಸ್ಥೆ ಬಂತು. 1909ರಲ್ಲಿ ಟ್ರೂಪ್ ಮರಗಳನ್ನು ಅವುಗಳ ಬಳಕೆಯೊಂದಿಗೆ ಪುಸ್ತಕಕ್ಕಿಳಿಸಿದ. 1932ರಲ್ಲಿ ಪಿಯರ್ಸನ್ ಮತ್ತು ಬ್ರೌನ್ ವಾಣಿಜ್ಯ ಮರಗಳ ಎರಡು ಸಂಪುಟ ಹೊರತಂದರು. ಒಣಗಿಸುವಾಗ ಕೊಡುವ ಕಾಟವನ್ನು ನೋಡಿ ಮರಗಳನ್ನು ಮೂರು ವರ್ಗ ಮಾಡಿದ್ದೂ ಈ ಪರಂಪರೆಯೇ. ಮೈಸೂರು ಸಂಸ್ಥಾನ 1938ರಲ್ಲಿ ಬೆಂಗಳೂರಿನಲ್ಲಿ ತೆರೆದ ಪ್ರಯೋಗಾಲಯವೇ ಇಂದಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ.

ಪ್ರಯೋಗಾಲಯ ಹೇಳಿದ್ದು ಬಡಗಿಯ ಕೈಗೆ ಗೊತ್ತಿದ್ದುದಕ್ಕೆ ಕಾರಣ. ತೇವಾಂಶ ಶೇ. 30ರ ಆಸುಪಾಸಿಗೆ ಇಳಿಯುವವರೆಗೆ ಮರ ಹೆಚ್ಚುಕಡಿಮೆ ಕುಗ್ಗುವುದಿಲ್ಲ, ಆಮೇಲೆ ಕುಗ್ಗುತ್ತದೆ. ಅದೂ ಸಮನಾಗಿ ಅಲ್ಲ: ವರ್ಷದುಂಗುರದ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯತ್ತ ಕುಗ್ಗುವುದರ ಸುಮಾರು ಎರಡರಷ್ಟು. ದುಂಡಗೆ ಕೆತ್ತಿದ್ದು ಮೊಟ್ಟೆಯಾಕಾರಕ್ಕೆ ತಿರುಗುವುದು ಇದರಿಂದಲೇ; ಅರ್ಧ ಬೆರಳಿನ ವಿನಾಯಿತಿ ಇದಕ್ಕಾಗಿಯೇ. ಎಳೆಯ ಉದ್ದಕ್ಕೆ ತೇವ ಅಡ್ಡಕ್ಕಿಂತ ಎಷ್ಟೋ ಪಟ್ಟು ಬೇಗ ಹೊರಡುತ್ತದೆ. ತುದಿ ಮೊದಲು ಒಣಗಿ ಕುಗ್ಗಿ, ಒಳಭಾಗ ಹಾಗೇ ನಿಂತರೆ ಬಿರುಕು. ಸೆಗಣಿಯ ಕೆಲಸವನ್ನು ಈಗ ಮೇಣ, ಬಣ್ಣ ಮಾಡುತ್ತವೆ. ಗೂಡಿನಲ್ಲಿ ಬಿಸಿಗಾಳಿ ಕೊಟ್ಟು, ಸೌರಶಾಖದಲ್ಲಿಟ್ಟು ಒಣಗಿಸುವ ವಿಧಾನಗಳೂ ಬಂದಿವೆ. ಆದರೆ ಅವು ಹಲಗೆಯ ರಾಶಿಗೆ ಲಾಭದಾಯಕ. ಹತ್ತು ಕಾವು ಮಾಡುವವನಿಗೆ ಅಟ್ಟವೇ ಸಾಕು.

ಅಟ್ಟಕ್ಕೇರಿಸಲು ಮರವೇ ಇಲ್ಲದಿರುವುದು ಈಗಿನ ಕಷ್ಟ. ಕಬ್ಬಿಣದ ನೇಗಿಲು, ಟ್ರ್ಯಾಕ್ಟರು ಬಂದ ಮೇಲೆ ಬದುವಿನ ಜಾಲಿಯನ್ನು ಉಳಿಸಿಕೊಳ್ಳುವ ಕಾರಣ ಕರಗಿತು. ಕರ್ನಾಟಕದ 1976ರ ಮರ ಸಂರಕ್ಷಣಾ ಕಾಯ್ದೆಯ ನಂತರ ಅನೇಕ ಜಾತಿಗಳನ್ನು ಕಡಿಯಲು ಅನುಮತಿ ಬೇಕು, ಅದು ತಪ್ಪೇನಲ್ಲ. ಗುದ್ದಲಿಗೆ ಈಗ ಕಬ್ಬಿಣದ ಪೈಪು, ಫೈಬರ್ ಹಿಡಿಗಳೂ ಬಂದಿವೆ. ನೀಲಗಿರಿಯ ಕಾವೂ ಉಂಟು, ಆದರೆ ಅದರ ಎಳೆ ತಿರುಚಿಕೊಂಡಿರುತ್ತದೆ, ಒಣಗುವಾಗ ಸಿಡಿಯುತ್ತದೆ.

ನನ್ನ ಓಟು ಬಳ್ಳಾರಿ ಜಾಲಿಗೆ. 1870ರ ದಶಕದಲ್ಲಿ ಹೊರದೇಶದಿಂದ ತಂದ ಈ ಮುಳ್ಳುಮರವನ್ನು ಸೌದೆ, ಇದ್ದಿಲು ಎಂದಷ್ಟೇ ನೋಡುತ್ತೇವೆ. ಅದರ ಚೇಗು ಭಾರ, ಗಟ್ಟಿ. ಒಣಗುವಾಗ ಕುಗ್ಗುವುದು ತೀರ ಕಡಿಮೆ. ಸೊಟ್ಟಗೆ ಬೆಳೆಯುವುದರಿಂದ ಉದ್ದನೆಯ ಕಾವಿಗೆ ಆಗದು. ಉಳಿಯ ಹಿಡಿಗೆ, ಕೊಡತಿಯ ತಲೆಗೆ ಗೇಣುದ್ದದ ನೇರ ತುಂಡು ಸಿಕ್ಕರೆ ಸಾಕು.