ನೇಗಿಲ ಗುರುತಿನಿಂದ ನಡಿಗೆಯ ಗುರುತಿಗೆ

ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ಅಕಿವಾಟದ ಸೀಮೆಯಲ್ಲಿ ಗುರುತು ಸಾಬೀತುಪಡಿಸುವ ಪದ್ಧತಿಗೆ ದೀರ್ಘ ಇತಿಹಾಸವಿದೆ. 12ನೆಯ ಶತಮಾನದಲ್ಲಿ ಈ ಸೀಮೆ ಕೊಲ್ಹಾಪುರದ ಶಿಲಾಹಾರರ ಆಳ್ವಿಕೆಯಲ್ಲಿತ್ತು. ಆ ಕಾಲದ ದಾನಶಾಸನಗಳಲ್ಲಿ ತಾಮ್ರದ ಹಲಗೆಗಳನ್ನು ಬಳೆಯೊಂದರಲ್ಲಿ ಪೋಣಿಸಿ, ಬಳೆಯ ಬೆಸುಗೆಯ ಮೇಲೆ ಅರಸನ ಮುದ್ರೆ ಒತ್ತುತ್ತಿದ್ದರು. ಗರುಡ ಶಿಲಾಹಾರರ ಲಾಂಛನ.

ಮರಾಠರ ಕಾಲದಲ್ಲಿ ಊರಿನ ಕಾಗದಪತ್ರಗಳು ಮೋಡಿ ಲಿಪಿಗೆ ಬಂದವು. ವತನದ, ಅಂದರೆ ವಂಶಪಾರಂಪರ್ಯ ಹಕ್ಕಿನ, ವ್ಯಾಜ್ಯ ತೀರ್ಮಾನವಾದಾಗ ಮಹಜರು ಬರೆದು, ನೆರೆದವರೆಲ್ಲರ ಗುರುತು ಹಾಕಿಸುತ್ತಿದ್ದರು. ಅಕ್ಷರ ಬಾರದ ಪಾಟೀಲ ಹಾಗೂ ರೈತರು ನೇಗಿಲಿನ ಚಿತ್ರ ಬಿಡಿಸುತ್ತಿದ್ದರು. ಅದಕ್ಕೆ ‘ನಿಶಾಣಿ ನಾಂಗರ’ ಎನ್ನುತ್ತಿದ್ದರು. ಕಸುಬುದಾರರೂ ತಮ್ಮ ತಮ್ಮ ಹತ್ಯಾರವನ್ನೇ ಗುರುತಾಗಿ ಬಿಡಿಸುತ್ತಿದ್ದರು. ನೇಗಿಲನ್ನು ಯಾರು ಬೇಕಾದರೂ ಬಿಡಿಸಬಹುದಾದ್ದರಿಂದ, ಬರೆದವನ ಹೆಸರು ಮತ್ತು ಸಾಕ್ಷಿದಾರರು ಸೇರಿದಾಗಲೇ ಅದಕ್ಕೆ ಬೆಲೆ ಬರುತ್ತಿತ್ತು.

ಗುರುತು ಕಸುಬಿನಿಂದ ಮೈಗೆ ಬಂದದ್ದು ಬ್ರಿಟಿಷರ ಆಡಳಿತದಲ್ಲಿ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ, ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನಿಂದ ಕರಾರುಪತ್ರದ ಮೇಲೆ ಅಂಗೈಯ ಅಚ್ಚು ಪಡೆದ. 1897ರಲ್ಲಿ ಕಲಕತ್ತೆಯಲ್ಲಿ ಬೆರಳಚ್ಚು ಕಚೇರಿ ತೆರೆಯಿತು. ಅಚ್ಚುಗಳನ್ನು ವರ್ಗೀಕರಿಸುವ ಕ್ರಮಕ್ಕೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ದುಡಿದರು. ಹೆಬ್ಬೆಟ್ಟು ನೋಂದಣಿ ಕಚೇರಿಯ ರೂಢಿಯಾಯಿತು. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ್ದೇ ನಂದುರಬಾರ ಜಿಲ್ಲೆಯ ಟೆಂಭ್ಲಿಯಲ್ಲಿ ಮೊದಲ ಆಧಾರ್ ಸಂಖ್ಯೆಗಳನ್ನು ವಿತರಿಸಲಾಯಿತು.

ಮೈಯ ಅಚ್ಚಿನಂತೆ ಚಲನೆಯೂ ಗುರುತಾಗಬಲ್ಲದು ಎಂಬುದನ್ನು ಬಹು ಹಿಂದೆಯೇ ಕಂಡುಕೊಂಡವರು ತಂತಿ ನೌಕರರು. ಮೋರ್ಸ್ ಕೀಲಿ ಒತ್ತುವ ಲಯದಿಂದಲೇ ಆಚೆ ತುದಿಯಲ್ಲಿರುವವರನ್ನು ಅವರು ಗುರುತಿಸುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಶತ್ರುಗಳ ರೇಡಿಯೊ ಆಲಿಸುವವರಿಗೂ ಈ ಜಾಣ್ಮೆ ನೆರವಾಯಿತು. ಫಿನ್ಲೆಂಡಿನ ಸಂಶೋಧಕರು 2005ರಲ್ಲಿ, ಸೊಂಟಕ್ಕೆ ಕಟ್ಟಿದ ವೇಗೋತ್ಕರ್ಷಮಾಪಕದಿಂದ ನಡಿಗೆಯನ್ನು ಗುರುತಿಸಬಹುದೆಂದು ತೋರಿಸಿದರು. ಮುಂದೆ ಅದೇ ಮಾಪಕ ಸ್ಮಾರ್ಟ್‌ಫೋನುಗಳಲ್ಲಿ ಸಾಮಾನ್ಯವಾಯಿತು. 2010ರ ಐಫೋನ್ 4ರಲ್ಲಿ ತಿರುಗುವಿಕೆ ಅಳೆಯುವ ಗೈರೊಸ್ಕೋಪ್ ಕೂಡ ಸೇರಿತು.

ಫೋನು ಮೂರು ದಿಕ್ಕುಗಳ ಅಲುಗಾಟವನ್ನು ಸೆಕೆಂಡಿಗೆ ಹತ್ತಾರು ಬಾರಿ ಅಳೆಯುತ್ತದೆ. ಹೆಜ್ಜೆಗಳ ನಡುವಿನ ಅಂತರ, ಅಕ್ಷರ ಒತ್ತುವಾಗಿನ ಓರೆ, ಫೋನನ್ನು ಕಿವಿಗೆ ಎತ್ತುವ ಬಗೆ ಇವನ್ನು ಮೊದಲೇ ಕಲಿತ ಮಾದರಿಯೊಂದಿಗೆ ಹೋಲಿಸಲಾಗುತ್ತದೆ. ಪಿನ್ ತಿಳಿದ ಕಳ್ಳನಿಗೂ ಮಾಲೀಕನ ನಡಿಗೆ ಸುಲಭವಾಗಿ ಬಾರದು. ಆದರೆ ಚಪ್ಪಲಿ ಬದಲಾದರೆ, ತಲೆ ಮೇಲೆ ಹೊರೆ ಇದ್ದರೆ, ಕಾಲಿಗೆ ಪೆಟ್ಟಾದರೆ ನಡಿಗೆ ಬದಲಾಗುತ್ತದೆ. ಮನೆಮಂದಿ ಹಂಚಿಕೊಳ್ಳುವ ಫೋನಿನಲ್ಲಿ ಮಾದರಿಯೇ ಕಲಸಿಹೋಗುತ್ತದೆ. ಇವೇ ಮಾಪಕಗಳು ಗುಟ್ಟನ್ನೂ ಬಿಟ್ಟುಕೊಡಬಲ್ಲವು: ಒತ್ತಿದ ಅಂಕಿಯನ್ನು ಫೋನಿನ ಅಲುಗಾಟದಿಂದ ಊಹಿಸಬಹುದೆಂದು 2011ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ತೋರಿಸಿದರು.

ಈ ಕಾರಣಗಳಿಂದ ಚಲನೆಯ ಗುರುತನ್ನು ಪಿನ್ ಅಥವಾ ಬೆರಳಚ್ಚಿನ ಬದಲಿಗಲ್ಲ, ಅವುಗಳ ಜೊತೆಗೆ ಬಳಸಲಾಗುತ್ತದೆ. ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನಿರ್ದೇಶನಗಳೂ ಡಿಜಿಟಲ್ ಪಾವತಿಗೆ ಎರಡು ಅಂಶಗಳ ದೃಢೀಕರಣವನ್ನು ಉಳಿಸಿಕೊಂಡು, ಬಳಕೆದಾರರ ವರ್ತನೆಯಂಥ ಸುಳಿವುಗಳನ್ನು ಅಪಾಯ ಅಳೆಯುವ ಹೆಚ್ಚುವರಿ ಪರಿಶೀಲನೆಗೆ ಬಿಟ್ಟಿವೆ. ಮಹಜರಿನಲ್ಲಿ ಸಾಕ್ಷಿದಾರರು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಈ ಸುಳಿವುಗಳು ಮಾಡುತ್ತವೆ.